ಸುಬ್ಬಣ್ಣ ಹಚ್ಚದ ಪಟಾಕಿ

ಉಬೈದ್ ಎಂಬ ಹೆಸರು ನಂಜಮ್ಮನ ಕಿವಿಗೆ ಮೊದಲು ಬಿದ್ದದ್ದು ಗಂಡನ ಹೆಣದ ಪಕ್ಕದಲ್ಲಿ. ಗೋಣಿಬೀಡಿನ ಹತ್ತಿರದ ಎಸ್ಟೇಟಿನಲ್ಲಿ ಪಟಾಕಿ ಹೊಡೆದು ಆನೆ ಓಡಿಸುವ ಕೆಲಸ ಸುಬ್ಬಣ್ಣನದು. ಆವತ್ತು ಬೆಳಗ್ಗೆ ಒಂಟಿ ಸಲಗ ಅವನನ್ನು ಸೊಂಡಿಲಲ್ಲಿ ಎತ್ತಿ ಅಪ್ಪಳಿಸಿ ಎದೆಯ ಮೇಲೆ ಕಾಲಿಟ್ಟಿತ್ತು. ಪಕ್ಕೆಲುಬುಗಳು ಚರ್ಮ ಹರಿದು ಹೊರಗೆ ಬಂದಿದ್ದವು. ನಂಜಮ್ಮ ಕಂಬಳಿ ಹೊದಿಸುವಾಗ ಯಾರೋ ಅಂದರು, "ಕೊಟ್ಟಿಗೆಹಾರದ ಜೀಪ್ ಮೆಕ್ಯಾನಿಕ್ ಉಬೈದ್ ಅಲ್ಲೇ ನಿಂತು ಸಿನಿಮಾ ತೆಗೀತಿದ್ನಂತೆ ಮಾರಾಯ."

ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಮಾತ್ರ, "ಕುಡ್ದು ತೂರಾಡ್ತಿದ್ದ. ಇಲ್ದಿದ್ರೆ ಕೈಲಿ ಪಟಾಕಿ ಇಟ್ಕೊಂಡು ಹಚ್ದೆ ಇರ್ತಾನಾ?" ಎಂದುಬಿಟ್ಟರು. ಸುಬ್ಬಣ್ಣ ಹೆಂಡದ ವಾಸನೆಗೇ ಮೂಗು ಮುಚ್ಚುತ್ತಿದ್ದವನು. ಆದರೂ ನಲ್ಲಿ ಹತ್ತಿರ ಜಗಳವಾದಾಗ ಜನರ ಬಾಯಲ್ಲಿ ನಂಜಮ್ಮ ಕುಡುಕನ ಹೆಂಡತಿಯೇ ಆದಳು. ನಿಜ ನೋಡಿದವನು ಉಬೈದ್ ಒಬ್ಬನೇ.

ತಿಥಿ ಮುಗಿದ ಮರುದಿನ ಕಾಡುಗತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕೊಟ್ಟಿಗೆಹಾರದ ಬಸ್ಸು ಹತ್ತಿದಳು. ಜೀಪಿನಡಿಯಿಂದ ತೆವಳಿ ಬಂದವನ ಭುಜಕ್ಕೆ ಬೀಸಿಯೇ ಬಿಟ್ಟಳು. ಮೂಳೆ ಕಂಡಿತು.

"ನನ್ ಗಂಡ ಕುಡ್ದಿದ್ನಾ? ಹೇಳು!"

ಉಬೈದ್ ಭುಜ ಅದುಮಿಕೊಂಡು ಜೀಪಿಗೆ ಒರಗಿದ. ಪೊಲೀಸರು ಕೇಳಿದಾಗ, ಭುಜದ ಮೇಲೆ ಬಾನೆಟ್ಟು ಬಿತ್ತು ಅಂದ.

ಅವನದು ಕೀಲಿ ಕೊಟ್ಟು ಓಡಿಸುವ ಕ್ಯಾಮರಾ. ಬೆಟ್ಟ ಹತ್ತಲು ಬಂದ ಪರದೇಶದವರು ಜೀಪು ರಿಪೇರಿಯ ದುಡ್ಡಿಗೆ ಬದಲಾಗಿ ಬಿಟ್ಟುಹೋಗಿದ್ದರು. ಭುಜ ವಾಸಿಯಾದ ಮೇಲೆ ಅದನ್ನು ಹೊತ್ತು ಕುದುರೆಮುಖದ ಕಾಡೆಲ್ಲ ಅಲೆದ. ಸೀಳುನಾಯಿಗಳು ಜೀವಂತ ಕಡವೆಯ ಹೊಟ್ಟೆ ಬಗೆದು ಕರುಳು ಎಳೆಯುವುದನ್ನು ತೆಗೆದ. ಹುಲಿ ಕಾಡುಕೋಣದ ಕರುವಿನ ಕುತ್ತಿಗೆ ಮುರಿಯುವುದನ್ನು ತೆಗೆಯುವಾಗ ತಾಯಿಕೋಣ ತೊಡೆಗೆ ಕೊಂಬು ಹಾಕಿ ಅವನನ್ನು ಕುಂಟನನ್ನಾಗಿ ಮಾಡಿತು. ಮೂಡಿಗೆರೆಯಲ್ಲಿ ಬಿಳಿ ಪಂಚೆಯನ್ನು ಪರದೆಯಂತೆ ಕಟ್ಟಿ ಅದನ್ನೆಲ್ಲ ತೋರಿಸುತ್ತಿದ್ದ. ರಕ್ತ ಚಿಮ್ಮಿದರೆ ಸಾಕು, ಜನ ಶಿಳ್ಳೆ ಹಾಕಿ ಚಪ್ಪಾಳೆ ಹೊಡೆಯುತ್ತಿದ್ದರು. ಸಲಗದ ರೀಲನ್ನು ಮಾತ್ರ ಯಾರಿಗೂ ತೋರಿಸಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಹೋದ ಮಳೆಗಾಲದಲ್ಲಿ, ಅವನ ಮಗಳು ತಸ್ಲೀಮಾ ನಂಜಮ್ಮನ ಮನೆಗೆ ಬಂದಳು. "ಅಪ್ಪ ಹಾಸಿಗೆ ಹಿಡಿದಿದಾರೆ. ನಿಮ್ಮನ್ನೇ ಕೇಳ್ತಿದಾರೆ."

"ಕತ್ತಿ ತಂದಿದೀರಾ ನಂಜಮ್ಮ?" ಅವಳು ಹೊಸ್ತಿಲು ದಾಟಿ ಒಳಗೆ ಬರುತ್ತಲೇ ಉಬೈದ್ ಮಲಗಿದ್ದಲ್ಲಿಂದಲೇ ನಕ್ಕ.

"ಕಡಿಯೋಕೆ ನಿಮ್ಮಲ್ಲಿ ಏನುಳಿದಿದೆ ಸಾಬ್ರೇ?"

ತಸ್ಲೀಮಾ ಕಿಟಕಿ ಮುಚ್ಚಿ ಗೋಡೆಯ ಮೇಲೆ ರೀಲು ಓಡಿಸಿದಳು. ಕಾಫಿ ಗಿಡಗಳ ನಡುವೆ ಸುಬ್ಬಣ್ಣ ನೆಟ್ಟಗೆ ನಿಂತಿದ್ದ. ಒಂದು ಕೈಯಲ್ಲಿ ಪಟಾಕಿ, ಇನ್ನೊಂದರಲ್ಲಿ ಉರಿಯುವ ಕೊಳ್ಳಿ. ಹಚ್ಚಲಾ ಎಂಬಂತೆ ಕ್ಯಾಮರಾದ ಕಡೆ ಹುಬ್ಬೆತ್ತಿದ. ಚಿತ್ರದ ಅಂಚಿನಿಂದ ಗ್ರೀಸು ಮೆತ್ತಿದ ಅಂಗೈಯೊಂದು ಒಳಗೆ ಬಂತು: ತಡಿ. ಸುಬ್ಬಣ್ಣ ಮತ್ತೆ ನೋಡಿದ. ಮತ್ತೆ ಅದೇ ಅಂಗೈ. ಅವನ ಬೆನ್ನ ಹಿಂದೆ ಗಿಡ ಸೀಳಿ ದಂತ ಬಂತು. ಮುಂದಿನದೆಲ್ಲವೂ ಗೋಡೆಯ ಮೇಲೆ ನಡೆಯಿತು. ಚಿತ್ರ ಒಂಚೂರೂ ಅಲುಗಲಿಲ್ಲ.

"ಕುಡ್ದಿರ್ಲಿಲ್ಲ," ನಂಜಮ್ಮ ಗೋಡೆಗೇ ಹೇಳಿದಳು.

"ಇಲ್ಲ. ಆನೆ ಇನ್ನೂ ಹತ್ರ ಬರ್ಲಿ ಅಂತ ನಾನೇ ತಡೆದೆ."

"ಇದನ್ನ ಊರಿಗೆ ತೋರ್ಸೋಕೆ ನಿಮಗೇನು ಧಾಡಿ ಬಂದಿತ್ತು?"

"ನಾನು ತೋರ್ಸಿದ್ರೆ ಚಪ್ಪಾಳೆ ಹೊಡೀತಾರೆ ನಂಜಮ್ಮ. ನೀವು ತೋರ್ಸಿ. ನನ್ ಉಸಿರಿರುವಾಗ್ಲೇ ತೋರ್ಸಿ. ನನ್ನನ್ನ ಎತ್ಕೊಂಡ್ ಹೋಗಿ, ತಡೆದ ಕೈ ಇವನದೇ ಅಂತ ಎಲ್ಲರ ಮುಂದೆ ಕೂರ್ಸಿ."