ಅಲಾರಾಂ ತಂದ ಭಾವ

ನಮ್ಮ ಭಾವನಿಗೆ ವಾಷಿಂಗ್ ಮೆಷಿನ್ ರಿಪೇರಿ ಕೆಲಸ. ಮೂವತ್ತು ವರ್ಷದಿಂದ ಅದೇ ಅಂಗಡಿ, ಅದೇ ಕಬ್ಬಿಣದ ಸ್ಟೂಲು. ಗಿರಾಕಿ ಬಂದು "ಒಂಥರಾ ಗರ್ ಅನ್ನುತ್ತೆ..." ಎಂದು ಶುರು ಮಾಡಿದರೆ ಕೈಯೆತ್ತಿ ನಿಲ್ಲಿಸುತ್ತಾರೆ. "ನೀವು ಹೇಳ್ಬೇಡಿ, ಅದೇ ಹೇಳುತ್ತೆ" ಎಂದು ಮೆಷಿನ್ ಓಡಿಸಿ, ಅದರ ಪಕ್ಕಕ್ಕೆ ಕಿವಿಯಾನಿಸಿ, ಕಣ್ಣು ಮುಚ್ಚಿ ಕೂರುತ್ತಾರೆ. ಅರ್ಧ ಗಂಟೆಯಾದರೂ ಸರಿ, ಅಲುಗಾಡುವುದಿಲ್ಲ. ಆಗ ಯಾರಾದರೂ ಕೆಮ್ಮಿದರೂ ಅವರಿಗೆ ಕೋಪ. ಬೀದಿಯವರೆಲ್ಲ ಅವರನ್ನು ಡಾಕ್ಟರು ಎಂದೇ ಕರೆಯುತ್ತಾರೆ, ಭಾವನಿಗೂ ಅದು ಇಷ್ಟವೇ.

ನಮ್ಮಕ್ಕನ ವಿಷಯದಲ್ಲಿ ಮಾತ್ರ ಈ ಡಾಕ್ಟರಿಗೆ ಎಲ್ಲಿಲ್ಲದ ಅವಸರ. ಅವಳು ಕಾಲುನೋವು ಎಂದರೆ ಮಾತು ಮುಗಿಯುವ ಮೊದಲೇ ಕಾಲಿಡಲು ಒಂದು ಮಣೆ ಬರುತ್ತಿತ್ತು. ಸಂಜೆ ಹೊತ್ತೇ ಹೋಗುವುದಿಲ್ಲ ಎಂದರೆ ರೇಡಿಯೊ. ಕಿಟಕಿಯಾಚೆ ನೋಡಿ ನಿಟ್ಟುಸಿರು ಬಿಟ್ಟರೆ ಕಿಟಕಿಯ ಕೀಲುಗಳಿಗೆ ಎಣ್ಣೆ! ಪ್ರೀತಿ ಇರಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ಮನೆ ತುಂಬ ಅದರದೇ ಸಾಮಾನು.

ಅಕ್ಕ ಕೆಲಸ ಮಾಡುತ್ತಿದ್ದ ಕನ್ನಡಕದ ಅಂಗಡಿ ಕಳೆದ ವರ್ಷ ಮುಚ್ಚಿತು. ಇಪ್ಪತ್ತೊಂಬತ್ತು ವರ್ಷ ಅಲ್ಲಿ ಜನರ ಮೂಗಿಗೆ ಫ್ರೇಮು ಕೂರಿಸಿದವಳು. ಅದಾಗಿ ಕೆಲವು ವಾರಗಳ ಮೇಲೆ, "ರೀ, ಬೆಳಿಗ್ಗೆ ಏಳೋಕೇ ಮನಸ್ಸಾಗಲ್ಲ" ಅಂದಳಂತೆ. ಸಂಜೆಯೊಳಗೆ ಭಾವ ಅಲಾರಾಂ ಗಡಿಯಾರ ತಂದು ಅವಳ ದಿಂಬಿನ ಪಕ್ಕದಲ್ಲಿಟ್ಟರು. ಅದೂ ಎಂಥದ್ದು, ಅದು ಬಡಿದುಕೊಂಡರೆ ಸತ್ತವರೂ ಎದ್ದು ಕೂರಬೇಕು. ಅಂದಿನಿಂದ ಅಕ್ಕ ಬಾಯಿಗೆ ಬೀಗ ಹಾಕಿಕೊಂಡಳು. "ಹೂಂ", "ಊಟಕ್ಕೆ ಬನ್ನಿ", "ಬಾಗಿಲು ಹಾಕಿ". ದಿನಕ್ಕೆ ಇಷ್ಟೇ ಮಾತು.

ಮೂರು ತಿಂಗಳಾದ ಮೇಲೆ ನನಗೆ ಫೋನು ಬಂತು. "ನಿನ್ನ ಬೀರುವಲ್ಲಿ ಎರಡು ಖಾನೆ ಖಾಲಿ ಮಾಡು. ಬರೋ ತಿಂಗಳ ಕೊನೆಗೆ ನಿನ್ನ ಮನೆಗೇ ಬಂದ್ಬಿಡ್ತೀನಿ."

ನಾನು ಒಬ್ಬಳೇ ಇರುವವಳು. ಅಕ್ಕ ಬರುತ್ತಾಳೆ ಎಂದರೆ ಒಳಗೊಳಗೇ ಖುಷಿ. ಅವತ್ತೇ ಎರಡು ಖಾನೆ ಖಾಲಿ ಮಾಡಿದೆ, ಕಾಗದವನ್ನೂ ಹಾಸಿದೆ. ಆದರೂ ಮನಸ್ಸು ತಡೆಯದೆ, "ಬರೋಕೆ ಮುಂಚೆ ಇಬ್ಬರೂ ಆಪ್ತಸಮಾಲೋಚಕರ ಹತ್ರ ಹೋಗ್ಬನ್ನಿ, ಆಮೇಲೆ ನಿನ್ನಿಷ್ಟ" ಎಂದೆ. ನನ್ನ ಆಫೀಸಿನ ಕೆಳಗಿನ ಮಹಡಿಯಲ್ಲಿ ಒಬ್ಬಾಕೆ ಇದ್ದಾರೆ. ನಾನೂ ಒಂದು ಕಾಲದಲ್ಲಿ ಅವರ ಮುಂದೆ ಕೂತು ಅತ್ತು ಹಗುರಾಗಿ ಬಂದವಳೇ.

ಭಾವ ಕೂಡಲೇ ಒಪ್ಪಿದರು. ಅಷ್ಟು ಸಲೀಸಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಅಲ್ಲಿ ಮೊದಲು ಒಂದು ಫಾರಂ ಕೊಡುತ್ತಾರೆ. ಅದರಲ್ಲಿ "ನಿಮ್ಮ ತೊಂದರೆ ಏನು?" ಎಂಬಲ್ಲಿ ಭಾವ ತಮ್ಮ ಅಂಗಡಿಯ ಚೀಟಿಯಲ್ಲಿ ಬರೆಯುವಂತೆಯೇ ದುಂಡಗೆ ಬರೆದರು: "ಹೆಂಡತಿ. ಮಾತು ನಿಂತಿದೆ. ಮೂರು ತಿಂಗಳಿಂದ." ಒಳಗೆ ಕರೆದಾಗ ಅಕ್ಕನನ್ನು ಮುಂದೆ ಬಿಟ್ಟು, "ಎಷ್ಟೊತ್ತಿಗೆ ಬರಲಿ ಮೇಡಂ? ಐದಕ್ಕೆ ರೆಡಿಯಾಗುತ್ತಾ?" ಎಂದು ಕೇಳಿ ಮೆಟ್ಟಿಲ ಕಡೆ ತಿರುಗಿದರಂತೆ.

"ನೀವೂ ಒಳಗೆ ಬನ್ನಿ" ಎಂದರು ಆಕೆ.

"ನನಗೇನಾಗಿದೆ? ನಾನು ಸರಿಯಾಗೇ ಇದ್ದೀನಲ್ಲ!"

"ಸರಿಯಾಗಿರೋರೂ ಕೂರಬಹುದು. ಒಳಗೆ ಮೂರು ಕುರ್ಚಿ ಇದೆ."

ಆ ಮೂರು ಕುರ್ಚಿ, ಒಂದು ಜಗ್ಗು ನೀರು, ಕಣ್ಣೊರೆಸುವ ಕಾಗದದ ಡಬ್ಬಿ, ಗೋಡೆಗೊಂದು ಗಡಿಯಾರ. ಆ ಕೋಣೆಯಲ್ಲಿ ಬೇರೇನೂ ಇಲ್ಲ. ಆಕೆ ಮೊದಲೇ ಹೇಳಿದರು: ಇಲ್ಲಿ ಆಡಿದ ಮಾತು ನನ್ನಿಂದ ಹೊರಗೆ ಹೋಗುವುದಿಲ್ಲ, ಯಾರದು ಸರಿ ಯಾರದು ತಪ್ಪು ಎಂದು ನಾನು ತೀರ್ಪು ಕೊಡುವುದಿಲ್ಲ, ಐವತ್ತು ನಿಮಿಷ ಕೂರೋಣ, ಬೇಡವೆನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು. ಆಕೆ ಇವತ್ತಿಗೂ ನನ್ನ ಹತ್ತಿರ ತುಟಿ ಬಿಚ್ಚಿಲ್ಲ. ಇಷ್ಟೆಲ್ಲ ನನಗೆ ಗೊತ್ತಾದದ್ದು ಗಂಡ ಹೆಂಡತಿ ಬೇರೆ ಬೇರೆಯಾಗಿ ಬಂದು ಒದರಿದ್ದರಿಂದ.

"ನೀವು ಹೇಳಿ" ಎಂದು ಆಕೆ ಅಕ್ಕನ ಕಡೆ ನೋಡಿದರು. ಭಾವ ಬಾಯಿ ಹಾಕಿದಾಗ ಆಕೆ, "ಅವರೇ ಹೇಳಲಿ, ಅವಸರ ಇಲ್ಲ" ಎಂದರು. ಎರಡು ನಿಮಿಷವಾಗಿರಬೇಕು, ಭಾವನಿಗೆ ತಡೆಯಲಾಗಲಿಲ್ಲ.

"ನಿನಗೇನು ಬೇಕು ಹೇಳಿಬಿಡು ಮಾರಾಯ್ತಿ, ಈಗಲೇ ಹೋಗಿ ತರ್ತೀನಿ!"

ಆಗ ಅಕ್ಕನ ಬೀಗ ಕಿತ್ತುಕೊಂಡು ಬಂತು. "ಆ ಮೆಷಿನ್ ಮುಂದೆ ಅರ್ಧ ಗಂಟೆ ತುಟಿಪಿಟಕ್ಕೆನ್ನದೆ ಕೂರ್ತೀರಿ. ನಾನು ಬಾಯಿ ತೆಗೆದ್ರೆ ಅರ್ಧ ನಿಮಿಷ ಕೂತಿದ್ದೀರಾ? ಏಳೋಕೆ ಮನಸ್ಸಾಗಲ್ಲ ಅಂದೆ. ನಾನು ಅಲಾರಾಂ ಕೇಳಿದ್ನಾ?"

"ಮತ್ತೆ ನಾನೇನು ಮಾಡಬೇಕಿತ್ತು?"

"ಯಾಕೆ ಅಂತ ಕೇಳಬೇಕಿತ್ತು."

ಭಾವ ಜೇಬಿನಿಂದ ಟೆಸ್ಟರ್ ತೆಗೆದರು, ಮತ್ತೆ ಒಳಗಿಟ್ಟರು. ಆಮೇಲೆ ಅವರ ಕಣ್ಣಲ್ಲಿ ನೀರು ಬಂತು. ಡಬ್ಬಿಯಿಂದ ಕಾಗದ ಎಳೆದು ಕೊಟ್ಟವಳು ಅಕ್ಕನೇ.

ಹೊರಡುವಾಗ ಮೇಡಂ ಮನೆಗೆ ಒಂದು ಕೆಲಸ ಕೊಟ್ಟು ಕಳಿಸಿದರು. ದಿನಾ ಸಂಜೆ ಹತ್ತು ನಿಮಿಷ ಒಬ್ಬರು ಮಾತಾಡಬೇಕು, ಇನ್ನೊಬ್ಬರು ಕೇಳಬೇಕು. ಪರಿಹಾರ ಹೇಳುವ ಹಾಗಿಲ್ಲ, ಏನನ್ನೂ ತರುವ ಹಾಗಿಲ್ಲ. ಮೊದಲ ಸಂಜೆ ಒಂದೇ ನಿಮಿಷಕ್ಕೆ ಭಾವ, "ಅದಕ್ಕೊಂದು ಕೆಲಸ ಮಾಡು" ಎಂದರು. ಅಕ್ಕ ಎದ್ದು ಹೋದಳು. ಮಾರನೆಯ ದಿನ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕೂತರಂತೆ. ಬಾಯಿ ಸುಮ್ಮನಿರಬೇಕಾದರೆ ಮೊದಲು ಕೈ ಸುಮ್ಮನಿರಬೇಕು ಎಂಬುದು ಅವರೇ ಕಂಡುಕೊಂಡ ಉಪಾಯ.

ನಾಲ್ಕನೆಯ ವಾರ ನಾನೇ ನೋಡಲು ಹೋದೆ. ಅಕ್ಕ ಕನ್ನಡಕದ ಅಂಗಡಿಯ ಕಥೆ ಹೇಳುತ್ತಿದ್ದಳು. ಮೊದಲ ಸಲ ಕನ್ನಡಕ ಹಾಕಿಕೊಂಡ ಒಬ್ಬಳು ಅಜ್ಜಿ ಬೇರೆ ಏನನ್ನೂ ನೋಡದೆ ತನ್ನ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳಂತೆ. "ದಿನಕ್ಕೆ ಒಬ್ಬರಾದರೂ ಹಾಗೆ ಖುಷಿಯಾಗಿ ಹೋಗೋರು. ಈಗ ಎದ್ದು ಯಾರಿಗೆ ಏನು ಮಾಡಲಿ?" ಎನ್ನುತ್ತಿದ್ದಳು. ಭಾವ ತಲೆ ವಾಲಿಸಿ, ಕಣ್ಣು ಮುಚ್ಚಿ, ಅಂಗಡಿಯಲ್ಲಿ ಕೂತಂತೆಯೇ ಕೂತಿದ್ದರು. ನಾನು "ಅಕ್ಕಾ..." ಎನ್ನುವಷ್ಟರಲ್ಲಿ ತೊಡೆಯಡಿಯಿಂದ ಒಂದು ಕೈ ಹೊರಗೆ ಬಂತು. ಕಣ್ಣು ತೆರೆಯದೆ ಆ ಕೈಯೆತ್ತಿ ನನ್ನನ್ನು ನಿಲ್ಲಿಸಿದರು. ನಾನು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತೆ.

ತಿಂಗಳ ಕೊನೆಗೆ ಅಕ್ಕ ಚೀಲ ಹಿಡಿದು ನನ್ನ ಮನೆಗೆ ಬಂದಳು. ಚೀಲದಿಂದ ತೆಗೆದದ್ದು ಒಂದೇ ಸಾಮಾನು, ಆ ಅಲಾರಾಂ ಗಡಿಯಾರ. ಅದನ್ನು ಖಾಲಿ ಖಾನೆಯಲ್ಲಿಟ್ಟು, "ಇದೊಂದು ನಿನ್ನ ಹತ್ರ ಇರಲಿ, ನಾನು ಬರಲ್ಲ" ಎಂದಳು. ನಿಜ ಹೇಳುತ್ತೇನೆ, ನನಗೆ ಒಂದು ಗಳಿಗೆ ಬೇಜಾರಾಯಿತು. ಆಮೇಲೆ ಅವಳ ಮುಖ ನೋಡಿ ಅದೂ ಹೋಯಿತು.

"ಇದನ್ನ ಇಲ್ಲಿಗೆ ತಂದಿದ್ದು ಭಾವನಿಗೆ ಗೊತ್ತಾ?"

"ಹೇಳಿಯೇ ತಂದೆ."

"ಏನಂದ್ರು?"

ಅಕ್ಕ ನಕ್ಕಳು. "ಯಾಕೆ ಅಂತ ಕೇಳಿದ್ರು."