ನಾನು ಓದದೆ ಬಿಟ್ಟ ಹುಟ್ಟುಹಬ್ಬ

ದೆವ್ವ, ಶಕುನ, ಕನಸಿನ ಫಲ ಇಂಥವನ್ನೆಲ್ಲ ನಾನು ಎಂದೂ ನಂಬಿದವನಲ್ಲ. ಧೈರ್ಯವಂತನೆಂದು ತೋರಿಸಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಹೆದರಿಕೊಳ್ಳಲು ನನಗೆ ದೆವ್ವದ ಅಗತ್ಯವೇ ಬೀಳಲಿಲ್ಲ, ಅಷ್ಟೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ನಿಲ್ದಾಣದಿಂದ ಮನೆಗೆ ವಾಪಸ್ ಬಂದವನು ನಾನು. ರಕ್ತಪರೀಕ್ಷೆಯಲ್ಲಿ ಎಲ್ಲ ಸರಿಯಾಗಿದೆ ಎಂದು ಬಂದರೆ, ಬೇರೆ ಯಾರದೋ ವರದಿ ಕೊಟ್ಟಿರಬಹುದೇ ಎಂದು ಎರಡು ದಿನ ಕೊರಗುವವನು. ಇಷ್ಟು ಕೆಲಸವಿರುವ ತಲೆಯಲ್ಲಿ ದೆವ್ವಕ್ಕೆ ಜಾಗವೆಲ್ಲಿ? ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ, ಪಾಪ, ಇವರಿಗೆ ರಾತ್ರಿ ಸರಿಯಾಗಿ ನಿದ್ದೆಯಾಗಿಲ್ಲ ಎಂದುಕೊಂಡು ಸುಮ್ಮನಿರುತ್ತಿದ್ದೆ. ಈಗ ನೀವು ನನ್ನ ಬಗ್ಗೆ ಹಾಗೆ ಅಂದುಕೊಂಡರೂ ತಕರಾರಿಲ್ಲ. ಆದರೆ ಇದು ನಡೆದದ್ದು ಬೆಳಗಿನ ಏಳೂವರೆಗೆ. ಹಿಂದಿನ ರಾತ್ರಿ ನಾನು ಚೆನ್ನಾಗಿಯೇ ಮಲಗಿದ್ದೆ.

ಚಿತ್ರದುರ್ಗದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಅದರ ಜೊತೆಗೆ ನಮ್ಮ ಕಡೆಯ ಒಂದು ಸಣ್ಣ ರೇಡಿಯೋ ಕೇಂದ್ರದಲ್ಲಿ ದಿನಾ ಬೆಳಿಗ್ಗೆ ಏಳು ಗಂಟೆಗೆ ಹಳೆಯ ಹಾಡುಗಳ ಕಾರ್ಯಕ್ರಮ ನಡೆಸಿಕೊಡುತ್ತೇನೆ. ಒಂದು ಕಾಲಕ್ಕೆ ಎಲ್ಲರ ಬಾಯಲ್ಲಿದ್ದ ಹಾಡುಗಳು; ನಡುನಡುವೆ ಆ ದಿನ ಹುಟ್ಟಿದ ಗಾಯಕರಿಗೆ, ಸಂಗೀತ ನಿರ್ದೇಶಕರಿಗೆ, ವಾದ್ಯದವರಿಗೆ ಒಂದೊಂದು ಶುಭಾಶಯ. ಕೇಳಲು ಸುಲಭ. ಆದರೆ ನಮ್ಮ ಹಳೆ ತಲೆಮಾರಿನ ಅರ್ಧ ಜನ ಹುಟ್ಟಿದ್ದು ಜೂನ್ ಒಂದರಂದು, ಶಾಲೆಗೆ ಸೇರಿಸುವ ದಿನ ಹೆಡ್‌ಮಾಸ್ತರ ಪೆನ್ನಿನಿಂದ. ಉಳಿದರ್ಧ ಜನರ ಹುಟ್ಟಿದ ದಿನ ಗೊತ್ತಾದರೂ ಅವರು ಇದ್ದಾರೋ ಇಲ್ಲವೋ ಗೊತ್ತಾಗುವುದಿಲ್ಲ. ಶುರುವಿನಲ್ಲಿ ಹೊಸದುರ್ಗದ ಒಬ್ಬ ತಬಲಾ ವಾದಕರಿಗೆ ನೂರು ವರ್ಷ ಬಾಳಿ ಎಂದು ಹರಸಿಬಿಟ್ಟಿದ್ದೆ. ಹಾಡು ಮುಗಿಯುವ ಮೊದಲೇ ಅವರ ಮಗನ ಫೋನ್ ಬಂತು. "ಅಲ್ರೀ, ನಮ್ಮಪ್ಪ ಹೋಗಿ ನಾಕು ವರ್ಷ ಆತು. ನಮ್ಮವ್ವ ಒಳಗೆ ಕುಂತು ಅಳ್ತಾಳೆ. ನೂರು ವರ್ಷ ಎಲ್ಲಿ ಬಾಳ್ಬೇಕ್ರಿ ಅವರು, ಮ್ಯಾಲಾ?"

ಆ ಫೋನಿನ ನಂತರ ನನ್ನದೊಂದು ಪದ್ಧತಿಯಾಯಿತು. ಹೇಳುವ ಪ್ರತಿ ಮಾತನ್ನೂ ಚೀಟಿಯಲ್ಲಿ ಬರೆದುಕೊಳ್ಳುವುದು. ಯಾವ ಹೆಸರಿನ ಬಗ್ಗೆ ಅನುಮಾನ ಬಂದರೂ ಹೊಡೆದುಹಾಕುವುದು. ನೇರ ಪ್ರಸಾರದ ಸಹವಾಸವೇ ಬೇಡವೆಂದು ಹಿಂದಿನ ಸಂಜೆ ಅಂಗಡಿ ಮುಚ್ಚಿ ಹೋಗಿ ಧ್ವನಿಮುದ್ರಣ ಮಾಡಿ ಬರತೊಡಗಿದೆ. ಅಲ್ಲಿನ ತಂತ್ರಜ್ಞೆ ರೇಣುಕಾ ಅದನ್ನು ಕಂಪ್ಯೂಟರಿಗೆ ಹಾಕಿಡುತ್ತಾಳೆ. ಬೆಳಿಗ್ಗೆ ಅದರಷ್ಟಕ್ಕೆ ಅದು ಹೋಗುತ್ತದೆ.

ಕೆಲವು ವರ್ಷಗಳ ಹಿಂದೆ, ಜಿಟಿಜಿಟಿ ಮಳೆ ನಾಲ್ಕಾರು ದಿನ ಬಿಡದೆ ಹಿಡಿದಿದ್ದ ಕಾಲದಲ್ಲಿ, ನನಗೊಂದು ಕಾರ್ಡು ಬಂತು. ಕೆಳಗೆ 'ಹೊಳಲ್ಕೆರೆಯ ಒಬ್ಬ ಕೇಳುಗ' ಎಂದಷ್ಟೇ ಇತ್ತು. ನಾನು ಆಗಾಗ ಹಾಕುವ ಒಂದು ಜನಪ್ರಿಯ ಹಾಡಿನ ನಡುವೆ ಕ್ಲಾರಿಯೋನೆಟ್ಟಿನ ಸಣ್ಣದೊಂದು ತುಣುಕು ಬರುತ್ತದೆ. ಅದನ್ನು ನುಡಿಸಿದವರು ಭರಮಸಾಗರದ ಬ್ಯಾಂಡ್ ಮಾಸ್ತರ್ ಮೆಹಬೂಬ್ ಸಾಬರು, ಹುಡುಗರಾಗಿದ್ದಾಗ ಮದ್ರಾಸಿಗೆ ಹೋಗಿ ನುಡಿಸಿ ಬಂದವರು, ಅವರು ಹುಟ್ಟಿದ್ದು ಇಂಥ ದಿನ ಎಂದು ಬರೆದಿತ್ತು. ಇದ್ದಾರೆ ಎಂದೂ ಬರೆದಿರಲಿಲ್ಲ, ಹೋದರು ಎಂದೂ ಬರೆದಿರಲಿಲ್ಲ. ಆ ದಿನಕ್ಕೆ ಉಳಿದದ್ದು ಒಂದೇ ದಿನ.

ಸಂಜೆ ಸ್ಟುಡಿಯೋದಲ್ಲಿ ಕುಳಿತು ಚೀಟಿ ಬರೆದೆ. "ಸಾವಿರ ಸಲ ಕೇಳಿದ ಈ ಹಾಡಿನೊಳಗೆ ನಮ್ಮ ನೆರೆಯೂರಿನ ಒಬ್ಬರ ಉಸಿರು ಅಡಗಿ ಕುಳಿತಿದೆ. ಮೆಹಬೂಬ್ ಸಾಬರೇ, ಇಂದು ನಿಮ್ಮ ಹುಟ್ಟುಹಬ್ಬ. ಎಲ್ಲಿದ್ದರೂ ಎದ್ದು ಬನ್ನಿ." ನನ್ನ ಮಟ್ಟಿಗೆ ಇದು ಸ್ವಲ್ಪ ಹೆಚ್ಚೇ ಆಯಿತು. ಮತ್ತೆ ಓದಿದೆ, ಲೆಕ್ಕ ಹಾಕಿದೆ. ಎಂಬತ್ತು ದಾಟಿರಬೇಕು, ಅದೂ ಜೀವಮಾನವಿಡೀ ಊದಿದ ಎದೆ. ಹೋಗಿಯೇ ಇರುತ್ತಾರೆ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಎಲ್ಲಿದ್ದರೂ ಎದ್ದು ಬನ್ನಿ ಎಂದು ಹೋದವರನ್ನು ಕರೆದು, ಮತ್ತೊಬ್ಬ ಮಗನಿಂದ ಬೈಸಿಕೊಳ್ಳುವುದು ಯಾರಿಗೆ ಬೇಕು? ಚೀಟಿ ಹರಿದೆ. ಬುಟ್ಟಿಗೆ ಹಾಕಿದರೆ ಯಾರಾದರೂ ಜೋಡಿಸಿ ಓದಿಯಾರು ಎಂದು ಚೂರುಗಳನ್ನು ಜೇಬಿಗೇ ಹಾಕಿಕೊಂಡು ಮನೆಗೆ ಬಂದು ನೀರೊಲೆಗೆ ಹಾಕಿದೆ. ಹಾಡನ್ನು ಮಾತ್ರ ಉಳಿಸಿಕೊಂಡೆ. ಅದರ ಹಿಂದೆ ಮುಂದೆ ನಾನು ಒಂದು ಮಾತನ್ನೂ ಆಡಲಿಲ್ಲ.

ಮರುದಿನ ಅಂಗಡಿ ಬಾಗಿಲು ತೆಗೆಯುತ್ತಿದ್ದಾಗ ರೇಣುಕಾಳ ಫೋನ್. "ಸರ್, ಭರಮಸಾಗರದಿಂದ ಯಾರೋ ಹೆಣ್ಮಗಳು ಮಾಡಿದ್ಲು. ಮೆಹಬೂಬ್ ಸಾಬ್ರಂತೆ, ಮನೆ ಬಿದ್ದೈತಂತೆ. ಹುಟ್ಟಿದಹಬ್ಬದ ಸಾರ್‌ಗೆ ತಿಳಿಸ್ರಿ ಅಂದ್ಲು, ಅಷ್ಟರಾಗೆ ಕಟ್ ಆತು. ಯಾರ್ ಸರ್ ಅವ್ರು, ನಿಮ್ಮ ನೆಂಟ್ರಾ?"

ಸಾಬರು ನಿನ್ನೆಯವರೆಗೂ ಇದ್ದರು! ಅವರು ಸತ್ತರೆಂದು ನಾನು ಹೆಸರು ಹೊಡೆದುಹಾಕಿದ ಮರುಬೆಳಿಗ್ಗೆಯೇ ಮನೆ ಬಿದ್ದಿದೆ. ರೇಣುಕಾ ಕೊಟ್ಟ ನಂಬರಿಗೆ ಏಳೆಂಟು ಸಲ ಮಾಡಿದೆ, ಯಾರೂ ಎತ್ತಲಿಲ್ಲ. ಅಂಗಡಿಗೆ ಮತ್ತೆ ಬೀಗ ಹಾಕಿ ದಾವಣಗೆರೆ ಕಡೆಯ ಬಸ್ಸು ಹತ್ತಿದೆ. ಹೋಗಿ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಮನುಷ್ಯ ಉಳಿದಿದ್ದಾನೋ ಇಲ್ಲವೋ, ಅದೊಂದು ತಿಳಿಯದೆ ನಾನು ಜೆರಾಕ್ಸ್ ಮೆಷಿನ್ ಮುಂದೆ ನಿಲ್ಲುವಂತಿರಲಿಲ್ಲ. ದಾರಿಯುದ್ದಕ್ಕೂ ನನ್ನ ತಲೆ ತನ್ನ ಕೆಲಸ ಮಾಡಿತು. ಶವದ ಮುಂದೆ ನಿಂತು ಅವರ ಮಕ್ಕಳಿಗೆ ಏನು ಹೇಳಬೇಕೆಂದು ಮೂರು ಬಗೆಯ ಮಾತು ಸಿದ್ಧ ಮಾಡಿಕೊಂಡಿದ್ದೆ.

ಭರಮಸಾಗರದಲ್ಲಿ ಇಳಿದು ಬೀಡಾ ಅಂಗಡಿಯಲ್ಲಿ ಕೇಳಿದೆ. "ಬ್ಯಾಂಡ್ ಸಾಬ್ರ ಮನೇನಾ? ಈ ಓಣಿಯಾಗೆ ಹೋಗ್ರಿ. ಜನ ನಿಂತಾರೆ, ಗೊತ್ತಾಗ್ತೈತೆ."

ಜನ ನಿಂತಿದ್ದಾರೆ ಎಂದ ಮೇಲೆ ಇನ್ನೇನು ಉಳಿಯಿತು? ಓಣಿಯ ಕೊನೆಯಲ್ಲಿ ಹಳೆಯದೊಂದು ಮಣ್ಣಿನ ಮಾಳಿಗೆ ಮನೆ. ನೆನೆದು ಭಾರವಾಗಿದ್ದ ಮೇಲ್ಮಣ್ಣು, ತೊಲೆ, ಜಂತೆ ಎಲ್ಲವೂ ಒಳಗಿನ ಕೋಣೆಯ ಮಂಚದ ಮೇಲೆ ಗುಡ್ಡೆಯಾಗಿ ಬಿದ್ದಿದ್ದವು. ಮಂಚದ ಒಂದು ಕಾಲು ಮಾತ್ರ ಕಾಣುತ್ತಿತ್ತು. ಜನ ಅದನ್ನೇ ನೋಡುತ್ತಿದ್ದರು. ನಾನು ಗೋಡೆ ಹಿಡಿದುಕೊಂಡೆ.

ಬೆನ್ನ ಹಿಂದಿನಿಂದ ದನಿ ಬಂತು. "ಏಯ್, ಯಾರಪ್ಪ ಅದು, ಆ ಗೋಡೆ ಹಿಡೀಬ್ಯಾಡ್ರಿ! ಅದೊಂದಾದ್ರೂ ಉಳೀಲಿ!"

ತಿರುಗಿ ನೋಡಿದೆ. ಎದುರು ಮನೆಯ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ಟ್ರಾನ್ಸಿಸ್ಟರ್ ಇಟ್ಟುಕೊಂಡು, ಬಿಳಿ ಗಡ್ಡದ ಮುದುಕರೊಬ್ಬರು ಬಸಿಯಲ್ಲಿ ಚಹಾ ಸುರಿದುಕೊಂಡು ಊದುತ್ತಿದ್ದರು. ನಾನು ಯಾರೆಂದು ಹೇಳಲು ಬಾಯಿ ತೆರೆದೆ. ಎರಡು ಮಾತು ಆಡುವಷ್ಟರಲ್ಲಿ ಬಸಿ ಕೆಳಗಿಟ್ಟರು.

"ಇದೇ ದನಿ! ಗೌರಮ್ಮ, ಬಾ ಇಲ್ಲಿ, ರೇಡಿಯೋ ಸಾರ್ ಬಂದಾರೆ! ಕುಂತ್ಕಳ್ರಿ ಸಾರ್. ಇವತ್ತು ನಾ ಬದುಕಿದ್ದು ನಿಮ್ಮ ಬಾಯಿಂದ."

ಆ ಮನೆಯ ಗೌರಮ್ಮ, ಬೆಳಿಗ್ಗೆ ರೇಣುಕಾಳಿಗೆ ಫೋನ್ ಮಾಡಿ ಆಮೇಲೆ ನನ್ನದನ್ನು ಎತ್ತದಿದ್ದವರು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದರು. "ನೋಡ್ರಿ ಸಾರ್, ನಾ ಅಂಗಳ ಗುಡಿಸ್ತಿದ್ದೆ. ಸಾಬ್ರು ಮಂಚದಾಗೆ ಮಲಗಿದ್ದೋರು ರೇಡಿಯೋ ಎತ್ಕಂಡು ಸಣ್ಣ ಹುಡುಗ್ರಂಗೆ ಓಡಿ ಬಂದ್ರು. ನನ್ನ ಹೆಸ್ರು ಹೇಳಿದ್ರು ಕೇಳು ಕೇಳು ಅಂತ. ಎಲ್ಲಿ ಸಾಬ್ರೆ, ಬರೀ ಹಾಡು ಬರ್ತೈತಲ್ಲ ಅಂದೆ. ಬಾಯಿ ಮುಚ್ಚಿಲ್ಲ, ಹಿಂದೆ ಧಡಾರ್ ಅಂತು."

"ನಾ ಬರಾದ್ರೊಳಗೆ ಹೇಳಿ ಮುಗಿಸಿದ್ರು ಕಣವ್ವ," ಎಂದರು ಸಾಬರು. ಆಮೇಲೆ ನನ್ನ ಕಡೆ ಬಾಗಿ, ಸ್ವಲ್ಪ ಬೇಜಾರಿನ ದನಿಯಲ್ಲಿ, "ಎಲ್ಲಾ ಚೆನ್ನಾಗಿತ್ತು ಸಾರ್. ಹಾಡಿನೊಳಗೆ ಉಸಿರು ಅಡಗಿ ಕುಂತೈತೆ ಅಂದ್ರಿ, ಕಣ್ಣಾಗೆ ನೀರು ಬಂತು. ಎಲ್ಲಿದ್ರೂ ಎದ್ದು ಬನ್ನಿ ಅಂದ್ರಿ, ಎದ್ದೇ ಬಂದೆ. ಆದ್ರೆ ನೆರೆಯೂರು ಅಂದ್ರಲ್ಲ? ಭರಮಸಾಗರ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಆ ಮಾತುಗಳನ್ನು ಬರೆದಿದ್ದ ಚೀಟಿ ನಮ್ಮ ಮನೆಯ ನೀರೊಲೆಯಲ್ಲಿ ಬೂದಿಯಾಗಿತ್ತು. ಅದನ್ನು ಗಟ್ಟಿಯಾಗಿ ಓದಿಯೂ ಇರಲಿಲ್ಲ. ಬಸ್ಸಿನಲ್ಲಿ ಸಿದ್ಧ ಮಾಡಿಕೊಂಡಿದ್ದ ಮೂರು ಬಗೆಯ ಮಾತಿನಲ್ಲಿ ಒಂದೂ ಇದಕ್ಕೆ ಹೊಂದುವಂತಿರಲಿಲ್ಲ. ಮೈಯೆಲ್ಲ ಜುಮ್ಮೆಂದಿತು, ನಿಜ. ಆದರೆ ಒಪ್ಪಿಕೊಳ್ಳುತ್ತೇನೆ, ಅದಕ್ಕಿಂತ ಮೊದಲು ನನಗೆ ಬಂದದ್ದು ನಗು. ಮನುಷ್ಯ ಎದುರಿಗೆ ಕುಳಿತು ನನ್ನ ತಪ್ಪು ಹಿಡಿಯುತ್ತಿದ್ದಾನೆ, ಚಹಾ ಊದುತ್ತಿದ್ದಾನೆ! ಸಾಬರೇ, ನಿಮ್ಮನ್ನು ನಾನು ನಿನ್ನೆಯೇ ಸಾಯಿಸಿಬಿಟ್ಟಿದ್ದೆ ಎಂದು ಹೇಳುವ ಧೈರ್ಯವಾಗಲಿಲ್ಲ. "ಮುಂದಿನ ಸಲ ಊರ ಹೆಸರು ಹೇಳ್ತೀನಿ" ಎಂದುಬಿಟ್ಟೆ. ಗೌರಮ್ಮ ಕೊಟ್ಟ ಮಂಡಕ್ಕಿ ತಿಂದು, ನನ್ನದಲ್ಲದ ಪುಣ್ಯಕ್ಕೆ ನಾಲ್ಕು ಜನರಿಂದ ಕೈಮುಗಿಸಿಕೊಂಡು ವಾಪಸಾದೆ.

ಸಂಜೆ ರೇಣುಕಾಳ ಪಕ್ಕ ಕುಳಿತು ಆ ಕಡತವನ್ನು ಐದು ಸಲ ಕೇಳಿದೆ. ಆ ಹಾಡಿನ ಮೊದಲು ಎರಡು ಕ್ಷಣದ ಖಾಲಿ ಜಾಗ, ಅಷ್ಟೆ. "ಇಲ್ಲೇನೈತೆ ಸರ್, ಬರೀ ನಿಮ್ಮ ಕುರ್ಚಿ ಕಿರ್‌ಗುಟ್ಟೈತೆ," ಎಂದಳು. ಎಲ್ಲ ವಿಷಯ ಹೇಳಿದ ಮೇಲೆ ನನ್ನನ್ನೇ ದಿಟ್ಟಿಸಿ ನೋಡಿದಳು. "ಸತ್ತೋರ್‌ಗೆ ನೂರು ವರ್ಷ ಅಂತೀರಿ, ಬದುಕಿರೋರ್ನ ಹೊಡ್ದಾಕ್ತೀರಿ. ನಿಮ್ಮ ಬಾಯಿಗಿಂತ ನಿಮ್ಮ ಕುರ್ಚೀನೇ ವಾಸಿ ಬಿಡ್ರಿ."

ಕಾರಣಗಳನ್ನು ನಾನೂ ಹುಡುಕಿದ್ದೇನೆ. ಅರೆನಿದ್ದೆಯಲ್ಲಿ ಕನಸು ಕಂಡಿರಬಹುದು. ಬೇರೆ ಯಾರೋ ಹೇಳಿರಬಹುದು. ಒಂದೊಂದು ಕಾರಣವೂ 'ನೆರೆಯೂರು' ಎಂಬ ಪದದ ಹತ್ತಿರ ಬಂದು ನಿಂತುಬಿಡುತ್ತದೆ.

ಮರುವರ್ಷ ಆ ದಿನ ಬರುವ ಮೊದಲು ಗೌರಮ್ಮನಿಗೆ ಫೋನ್ ಮಾಡಿ ಸಾಬರು ಇದ್ದಾರೆಂದು ಖಾತ್ರಿ ಮಾಡಿಕೊಂಡೆ. ಶುಭಾಶಯವನ್ನು ಊರ ಹೆಸರು ಸಮೇತ, ದೊಡ್ಡ ದನಿಯಲ್ಲಿ ಓದಿದೆ. ಬೆಳಿಗ್ಗೆ ಅದು ಪ್ರಸಾರವಾದದ್ದನ್ನು ನಾನೇ ಕಿವಿಯಾರೆ ಕೇಳಿದೆ. ಮಧ್ಯಾಹ್ನ ಸಾಬರದೇ ಫೋನ್. "ಯಾಕ್ರಿ ಸಾರ್, ಈ ವರ್ಷ ನನ್ನ ಮರ್ತ್ರಾ? ಹೊಸ ಸೆಲ್ ಹಾಕ್ಕಂಡು ಕಿವಿಗೆ ಹಿಡ್ಕಂಡೇ ಕುಂತಿದ್ದೆ."

ಭಾನುವಾರ ಹೋದೆ. ಮಾಳಿಗೆಯ ಜಾಗದಲ್ಲಿ ತಗಡಿನ ಮನೆ ಎದ್ದಿತ್ತು. ಓದಿದ್ದನ್ನು ಮೊಬೈಲಿನಲ್ಲಿ ಹಾಕಿ ಅವರ ಕಿವಿಯ ಹತ್ತಿರ ಹಿಡಿದೆ. ಕಣ್ಣು ಮುಚ್ಚಿ ಕೊನೆಯವರೆಗೆ ಕೇಳಿದರು, ತಲೆಯಾಡಿಸಿದರು.

"ಚೆನ್ನಾಗೈತೆ. ಆದ್ರೆ ಇದಲ್ಲ ಸಾರ್," ಎಂದರು. "ಹೋದ ವರ್ಷದ್ದು ಹಾಕ್ರಿ."