ನರ್ಸಮ್ಮನ ಭಾನುವಾರದ ಓದು

ಜೀವಮಾನವೆಲ್ಲ ಲೇತ್ ಯಂತ್ರದ ಮುಂದೆ ಕಳೆದ ನರ್ಸಮ್ಮನ ಗಂಡನಿಗೆ ಪುಸ್ತಕವೆಂದರೆ ಅಷ್ಟಕ್ಕಷ್ಟೆ. ಹೆಂಡತಿ ಹಾಗಲ್ಲ. ಆಸ್ಪತ್ರೆಯಲ್ಲಿ ನರ್ಸಾಗಿದ್ದಾಗಲೂ ಊಟದ ಬಿಡುವಿನಲ್ಲಿ ಹಳೆಯ ಕಾದಂಬರಿ ಹಿಡಿದು ಕೂರುತ್ತಿದ್ದವಳು. ನಿವೃತ್ತಿಯಾದದ್ದೇ ತಡ, ಭಾನುವಾರ ಬಲಿಪೂಜೆಯ ಪ್ರಾರ್ಥನೆ ಮುಗಿದ ನಂತರ ಚರ್ಚಿನ ಹಿಂದಿನ ಕೋಣೆಯಲ್ಲಿ ನಾಲ್ಕು ಜನರನ್ನು ಕೂಡಿಸಿಕೊಂಡು ಓದಲು ಶುರುಮಾಡಿದಳು. ಬೆಂಚು ಹೊರಲು ಹೋದ ಗಂಡ, ಒಂದು ಕೋಳಿನಿದ್ದೆ ತೆಗೆಯೋಣವೆಂದು ಮೂಲೆಯಲ್ಲಿ ಕೂತ. ನಿದ್ದೆ ಹತ್ತಿರ ಸುಳಿಯಲಿಲ್ಲ.

ಅವಳು ಆರಿಸಿದ್ದು ಆಸ್ತಿಗಾಗಿ ಸ್ವಂತ ತಮ್ಮನ ಮೇಲೆ ಸುಳ್ಳು ಸಾಕ್ಷಿ ಹೇಳಿ ಜೈಲಿಗಟ್ಟಿದ ಅಣ್ಣನ ಕಥೆ. ಅವನು ಪುಟಪುಟಕ್ಕೂ ದೇವರನ್ನು ಬೈಯುವವನು. ಚರ್ಚಿನ ಗಾಯನ ಮೇಳದ ಹಿರಿಯಕ್ಕ ಕೆಂಡವಾಗಿ ಪಾದ್ರಿಗೆ ದೂರು ಕೊಟ್ಟಳು. ಪಾದ್ರಿ ನರ್ಸಮ್ಮನನ್ನು ಕರೆಸಿ, ಚರ್ಚಿನಲ್ಲಿ ಇಂಥ ಕಥೆ ಯಾಕೆಂದು ಕೇಳಿದರು.

"ಫಾದರ್, ಪಾಪನಿವೇದನೆಗೆ ಕೂತಾಗ ನೀವು ಇದಕ್ಕಿಂತ ಕೆಟ್ಟದ್ದು ಕೇಳ್ತೀರಲ್ಲ?" ಎಂದಳು ನರ್ಸಮ್ಮ.

ಪಾದ್ರಿ ನಕ್ಕರು. "ಕೇಳ್ತೀನಮ್ಮ. ಆದ್ರೆ ಪಾಪಾನ ಪಾಪ ಅಂತ ಕರೀದೆ ಬಿಡಲ್ಲ. ನೀವೂ ಬಿಡಬೇಡಿ."

"ಖಂಡಿತ ಬಿಡಲ್ಲ. ಪಾಪವೇ ಇಲ್ಲ ಅಂದ್ರೆ ಕ್ಷಮೆಗೇನು ಕೆಲಸ?"

ಓದು ಮುಂದುವರಿಯಿತು. ಏನು ನಡೆಯುತ್ತದೋ ನೋಡೇಬಿಡೋಣವೆಂದು ಹಿರಿಯಕ್ಕನೂ ಬಂದು ಕೂತಳು. ಕೊನೆಯ ಪುಟದಲ್ಲಿ ಆ ಅಣ್ಣ ಯಾವುದೋ ಛತ್ರದಲ್ಲಿ ಒಬ್ಬನೇ ಸಾಯುತ್ತಾನೆ. ಏನೋ ಹೇಳಲು ಬಾಯಿ ತೆರೆಯುತ್ತಾನೆ, ಮಾತು ಹೊರಡುವುದಿಲ್ಲ. ಅಲ್ಲಿಗೆ ಪುಸ್ತಕ ಮುಗಿಯಿತು.

"ನೆಟ್ಟಗೆ ನರಕಕ್ಕೇ ಹೋದ," ಎಂದಳು ಹಿರಿಯಕ್ಕ. "ಪಾದ್ರಿಯಿಲ್ಲ, ಪಾಪನಿವೇದನೆಯಿಲ್ಲ. ಮತ್ತೇನಾಗುತ್ತೆ?"

ನರ್ಸಮ್ಮ ಕನ್ನಡಕ ತೆಗೆದಳು. "ಅಕ್ಕ, ಅವನು ಮಾಡಿದ್ದು ಘೋರ ಪಾಪವೇ. ಆದ್ರೆ ಹೀಗೆ ಬಾಯಿ ತೆರೆದವರ ಪಕ್ಕ ನಾನು ಎಷ್ಟೋ ಸಲ ನಿಂತಿದ್ದೀನಿ. ಏನು ಹೇಳೋಕೆ ಹೊರಟಿದ್ರು ಅಂತ ನಂಗೆ ಗೊತ್ತಾಗಲಿಲ್ಲ. ಕೇಳಬೇಕಾದೋನಿಗೆ ಕೇಳಿಸಿರುತ್ತೆ. ಕಥೆ ಬರೆದವನೇ ಆ ಬಾಯನ್ನ ತೆರೆದು ಬಿಟ್ಟಿದ್ದಾನೆ, ನಾವ್ಯಾಕೆ ಮುಚ್ಚೋಣ?"

ಹಿರಿಯಕ್ಕ ಪುಸ್ತಕಕ್ಕೆ ಕೈಚಾಚಿದಳು. "ಮನೆಗೆ ಒಯ್ತೀನಿ. ಆ ಪುಟ ಇನ್ನೊಂದ್ಸಲ ಓದಬೇಕು."

ಮೂಲೆಯಲ್ಲಿದ್ದ ಗಂಡನಿಗೆ ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದವಳನ್ನು ಇವತ್ತೇ ನೋಡಿದಂತಾಯಿತು.

ದಾರಿಯಲ್ಲಿ ಕೇಳಿದ: "ಮನೇಲಿ ಯಾವತ್ತೂ ಹೀಗೆ ಮಾತಾಡಿಲ್ವಲ್ಲೇ ನೀನು?"

"ಮನೇಲಿ ನೀವು ಮಾತಾಡೋಕೆ ಬಿಟ್ರೆ ತಾನೇ!"

ಸೋಮವಾರ ವರ್ಕ್‌ಶಾಪಿನಲ್ಲಿ ಯಂತ್ರ ನಿಲ್ಲಿಸಿ, ಆ ಅಣ್ಣತಮ್ಮಂದಿರ ಕಥೆಯನ್ನು ಮೊದಲಿಂದ ಕೊನೆಯವರೆಗೂ ಜೊತೆಗಾರರಿಗೆ ಹೇಳಿದ. ಪೂರ್ತಿ ಕೇಳಿದ ಫಿಟ್ಟರ್, "ಇದನ್ನೆಲ್ಲ ನಿಂಗೆ ಯಾರು ಹೇಳಿಕೊಟ್ರು ಮಾರಾಯ?" ಎಂದ.

"ಇನ್ಯಾರು? ನಮ್ಮ ಮನೆಯವಳು," ಎಂದ ಅವನು. ಹೇಳುವಾಗ ಎದೆ ಗೇಣಗಲ ಉಬ್ಬಿತ್ತು. "ಭಾನುವಾರ ಬಾ. ಆದ್ರೆ ಬೇಗ ಬಾ, ಆಮೇಲೆ ಕೂರೋಕೆ ಜಾಗ ಸಿಗಲ್ಲ."